ಕೋಡ್ ಪುಕ್ಕಟೆ, ಖರ್ಚು ಬೇರೆ ಕಡೆ: ಯುಎಸ್‌ಬಿ ಕಲಿಸಿದ ಪಾಠಗಳು

ಹಿರಿಯೂರು ಕಡೆಯ ದಾಳಿಂಬೆ, ಹೊಳಲ್ಕೆರೆಯ ಅಡಿಕೆ ತೋಟಗಳ ಬೋರ್‌ವೆಲ್‌ಗಳಿಗೆ ನಾನು ಪುಟ್ಟ ಬೋರ್ಡ್ ಮಾಡಿಕೊಡುತ್ತೇನೆ. ಮೂರು ಫೇಸ್ ಯಾವಾಗ ಬಂತು, ಮೋಟಾರು ಎಷ್ಟು ಹೊತ್ತು ಓಡಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಆ ಲೆಕ್ಕ ಕಂಪ್ಯೂಟರಿಗೆ ಇಳಿಯಲು ಯುಎಸ್‌ಬಿ ಬೇಕು. ಚಿತ್ರದುರ್ಗದಲ್ಲಿ ಕೂತು ಕಲಿತದ್ದಿಷ್ಟು.

1. ಕೋಡಿಗಿಂತ ಮೊದಲು ಲೈಸೆನ್ಸ್ ಓದಿ. ನನ್ನ ಮೊದಲ ಬೋರ್ಡಿನ ಎವಿಆರ್ ಚಿಪ್ಪಿನಲ್ಲಿ ಯುಎಸ್‌ಬಿ ಇರಲೇ ಇಲ್ಲ. ಆಸ್ಟ್ರಿಯಾದ ಆಬ್ಜೆಕ್ಟಿವ್ ಡೆವಲಪ್‌ಮೆಂಟ್‌ನವರ ವಿ-ಯುಎಸ್‌ಬಿ ಬರೀ ಕೋಡಿನಿಂದಲೇ, ಸೆಕೆಂಡಿಗೆ 15 ಲಕ್ಷ ಬಿಟ್ ವೇಗದಲ್ಲಿ, ಆ ಕೆಲಸ ಮಾಡಿಸುತ್ತದೆ. ಬೆರಗಾದೆ. ಅದು ಜಿಪಿಎಲ್ ಎಂದು ತಿಳಿದದ್ದು ಬೋರ್ಡ್ ಮಾರುವ ಹೊತ್ತಿಗೆ. ಕೊಂಡವರಿಗೆ ನಮ್ಮ ಕೋಡನ್ನೂ ಕೊಡಬೇಕು, ಇಲ್ಲವೇ ದುಡ್ಡು ತೆತ್ತು ಬೇರೆ ಲೈಸೆನ್ಸ್ ಪಡೆಯಬೇಕು. ನಾನು ಕೋಡ್ ಕೊಟ್ಟೆ; ನಷ್ಟವೇನೂ ಆಗಲಿಲ್ಲ. ಕೊಡಲು ಇಷ್ಟವಿಲ್ಲದವರಿಗೆ ಎಂಐಟಿ ಲೈಸೆನ್ಸಿನ ಟೈನಿಯುಎಸ್‌ಬಿ ಇದೆ.

2. ನಂಬರಿಗೆ ದುಡ್ಡಿದೆ. ಪ್ರತಿ ಯುಎಸ್‌ಬಿ ಸಾಧನವೂ ತಯಾರಕರ ನಂಬರ್, ಅಂದರೆ ವೆಂಡರ್ ಐಡಿ ಹೇಳಬೇಕು. ಯುಎಸ್‌ಬಿ ಸಂಸ್ಥೆಯ ಸದಸ್ಯರಲ್ಲದವರಿಗೆ ಅದರ ಶುಲ್ಕ 6,000 ಡಾಲರ್. ವರ್ಷಕ್ಕೆ 40 ಬೋರ್ಡ್ ಮಾಡುವವನಿಗೆ ಆಗುವ ಮಾತಲ್ಲ. ಹಾಗೆಂದು ಇನ್ನೊಬ್ಬರ ನಂಬರ್ ಹಾಕಬೇಡಿ; ಕಂಪ್ಯೂಟರ್ ತಪ್ಪು ಡ್ರೈವರ್ ಎತ್ತಿಕೊಳ್ಳುತ್ತದೆ. ಪಿಐಡಿ ಡಾಟ್ ಕೋಡ್ಸ್‌ನವರು 1209 ಎಂಬ ವೆಂಡರ್ ಐಡಿಯ ಕೆಳಗೆ ಓಪನ್ ಸೋರ್ಸ್ ಕೆಲಸಗಳಿಗೆ ಉಚಿತವಾಗಿ ನಂಬರ್ ಕೊಡುತ್ತಾರೆ. ನನ್ನ ಕೋಡ್ ತೆರೆದಿಟ್ಟದ್ದು ಇಲ್ಲಿ ಕೈಹಿಡಿಯಿತು.

3. ತೋಟದವರ ಕಂಪ್ಯೂಟರ್ ನೋಡಿ ಬನ್ನಿ. ಹೊಸದುರ್ಗದಿಂದ ಒಬ್ಬ ಹಿರಿಯರು ಫೋನ್ ಮಾಡಿದರು: "ಏನಪ್ಪಾ, ನಿನ್ ಡಬ್ಬಿ ಚುಚ್ಚಿದ್ರೆ ಏನೂ ಬರ್ತಿಲ್ಲ." ಬಸ್ ಹತ್ತಿ ಹೋದೆ. ಅವರದು ವಿಂಡೋಸ್ 7. ಸೀರಿಯಲ್ ಪೋರ್ಟಾಗಿ ಕಾಣುವ ಬೋರ್ಡನ್ನು ವಿಂಡೋಸ್ 10 ತಾನೇ ಗುರುತಿಸುತ್ತದೆ, 7ಕ್ಕೆ ಐಎನ್‌ಎಫ್ ಫೈಲ್ ಹಾಕಿಕೊಡಬೇಕು. "ಪೆನ್‌ಡ್ರೈವ್ ಹಾಕಿದ್ರೆ ಬರುತ್ತಲ್ಲಪ್ಪಾ?" ಎಂದರು ಅವರು. ಸರಿಯಾದ ಮಾತು. ಅಂದಿನಿಂದ ನನ್ನ ಬೋರ್ಡು ಪೆನ್‌ಡ್ರೈವ್ ಆಗಿಯೇ ಕಾಣಿಸಿಕೊಳ್ಳುತ್ತದೆ. ಒಳಗೊಂದು ಫೈಲ್, ಎಕ್ಸೆಲ್‌ನಲ್ಲಿ ತೆರೆಯುತ್ತದೆ.

4. ಬೋರ್ಡಿನ ಜೊತೆ ಕೇಬಲನ್ನೂ ಕೊಡಿ. ಚಾರ್ಜಿಗಷ್ಟೇ ಮಾಡಿದ ಕೇಬಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಇದು ಗೊತ್ತಾಗುವ ಮುಂಚೆ ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದ್ದೆ.

5. ಒಂದೇ ಕಂಪನಿಯ ಲೈಬ್ರರಿಗೆ ಜೋತುಬೀಳಬೇಡಿ. 2021ರ ಚಿಪ್ ಬರದಲ್ಲಿ ಬೆಂಗಳೂರಿನ ಎಸ್.ಪಿ. ರೋಡ್ ಅಲೆದರೂ ನಾನಾಗ ಬಳಸುತ್ತಿದ್ದ ಚಿಪ್ ಸಿಗಲಿಲ್ಲ. ಅದರ ತಯಾರಕರ ಉಚಿತ ಲೈಬ್ರರಿ ಅವರ ಚಿಪ್ಪಿಗೆ ಮಾತ್ರ. ಆ ವರ್ಷದ ಜನವರಿಯಲ್ಲಿ 4 ಡಾಲರಿಗೆ ಬಂದಿದ್ದ ರಾಸ್ಪ್‌ಬೆರಿ ಪೈ ಪಿಕೊ ಹಿಡಿದು, ಯುಎಸ್‌ಬಿ ಭಾಗವನ್ನು ಟೈನಿಯುಎಸ್‌ಬಿಯಲ್ಲಿ ಮತ್ತೆ ಬರೆದೆ. ಅದು ಹಲವು ಕಂಪನಿಗಳ ಚಿಪ್ಪುಗಳಲ್ಲಿ ಓಡುತ್ತದೆ.

6. ಮೂಲ ಗ್ರಂಥ ಓದಿ. 2000ದ ಏಪ್ರಿಲ್‌ನಲ್ಲಿ ಬಂದ ಯುಎಸ್‌ಬಿ 2.0 ನಿಯಮಾವಳಿ 650 ಪುಟಗಳದ್ದು. ಇಳಿಸಿಕೊಳ್ಳಲು ಪೈಸೆ ಬೇಡ. ಒಂಬತ್ತನೇ ಅಧ್ಯಾಯದಿಂದ ಶುರುಮಾಡಿ: ಚುಚ್ಚಿದ ಕ್ಷಣದಲ್ಲಿ ಕಂಪ್ಯೂಟರ್ ಏನು ಕೇಳುತ್ತದೆ, ಬೋರ್ಡ್ ಏನು ಉತ್ತರಿಸಬೇಕು ಎಲ್ಲ ಅಲ್ಲಿದೆ. ನನ್ನ ಹತ್ತಿರ ಬರುವ ಡಿಪ್ಲೊಮಾ ಹುಡುಗರ ಜೊತೆ ಭಾನುವಾರ ಅದನ್ನೇ ಕನ್ನಡದಲ್ಲಿ ಬಿಡಿಸಿ ಓದುತ್ತಿದ್ದೇವೆ.