ಶಿವರಾತ್ರಿ ಹೊತ್ತಿಗೆ ತುಂಬೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಕಾರ್ತಿಕದಲ್ಲಿ ನಮ್ಮ ರಾಗಿ ಹೊಲದ ಬದುವಿನ ತುಂಬ ತುಂಬೆ. ಶಿವರಾತ್ರಿ ಪೂಜೆಗೆ ಹೂವಾಗಲೆಂದು ಬೇರುಸಹಿತ ತಂದು ಕುಂಡದಲ್ಲಿ ನೆಟ್ಟೆ. ದಿನಾ ನೀರು ಹಾಕಿದರೂ ಒಣಗಿಹೋಯಿತು. ತಪ್ಪೆಲ್ಲಾಯಿತು?

ಉತ್ತರ: ತಪ್ಪೇನಿಲ್ಲ, ಗಿಡಕ್ಕೆ ವಯಸ್ಸಾಗಿತ್ತು. ನಮ್ಮ ಬದುಗಳ ಸಾಮಾನ್ಯ ತುಂಬೆ, ಸಸ್ಯವಿಜ್ಞಾನಿಗಳ ಲ್ಯೂಕಸ್ ಆಸ್ಪೆರಾ, ತುಳಸಿಯ ಕುಟುಂಬಕ್ಕೇ ಸೇರಿದ್ದು. ಆದರೆ ತುಳಸಿಯಂತೆ ವರ್ಷಗಟ್ಟಲೆ ಬಾಳುವುದಿಲ್ಲ. ಮಳೆಗೆ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಮುಗಿಯುವ ವಾರ್ಷಿಕ ಗಿಡ ಅದು. ನೀರೆರೆದು ಕೆಲ ದಿನ ದೂಡಬಹುದು, ಅಷ್ಟೇ.

ಅದರ ನೆಲೆಯೂ ವಿಚಿತ್ರ. ಕಾಡುಗಿಡ ಎನ್ನುತ್ತೇವೆ, ದಟ್ಟ ಕಾಡಿನೊಳಗೆ ಹುಡುಕಿದರೆ ಸಿಗದು. ಉತ್ತು ಬಿಟ್ಟ ಬೀಳು, ಬದು, ರಸ್ತೆಯಂಚು, ಹೀಗೆ ಯಾರೋ ಕೆದಕಿದ, ಬಿಸಿಲು ನೇರವಾಗಿ ಬೀಳುವ ನೆಲ ಬೇಕು. ಅದೇ ಜಾಗವನ್ನು ಕೆಲ ವರ್ಷ ಮುಟ್ಟದೆ ಬಿಟ್ಟರೆ ಹುಲ್ಲು, ಲಂಟಾನ ಎದ್ದು ತುಂಬೆಯನ್ನು ಹಿಂದೆ ಸರಿಸುತ್ತವೆ.

ಬೆಳಗಿನ ಹೊತ್ತು ಒಂದು ಗಿಡದ ಮುಂದೆ ಕೂತು ನೋಡಿ. ಕಾಂಡ ಚೌಕ, ಗೆಣ್ಣಿನಲ್ಲಿ ದುಂಡನೆಯ ಹೂಗುಚ್ಛ. ಬಿಳಿ ಹೂವಿನ ಮೇಲ್ತುಟಿ ನವಿರುಗೂದಲಿನ ಪುಟ್ಟ ಕುಲಾವಿ. 4 ಕೇಸರಗಳು ಅದರ ಮರೆಯಲ್ಲಿ. ಅಗಲವಾದ ಕೆಳತುಟಿ ಜೇನ್ನೊಣ ಕಾಲೂರುವ ಜಾಗ. ಅದು ಮಕರಂದಕ್ಕೆ ತಲೆ ತೂರಿಸಿದರೆ ಮೇಲಿನಿಂದ ಪರಾಗ ಮೆತ್ತಿಕೊಳ್ಳುತ್ತದೆ. ಮಕ್ಕಳು ಹೂ ಕಿತ್ತು ಚೀಪುವುದು ಈ ನೊಣದ ಪಾಲನ್ನೇ! ಹೂ ಉದುರಿದ ಮೇಲೆ ಹಸಿರು ಬಟ್ಟಲಿನ ತಳದಲ್ಲಿ ಬೀಜ ಉಳಿಯುತ್ತವೆ, ಹೆಚ್ಚೆಂದರೆ 4. ಗಾಳಿಗೆ ತೇಲಲು ರೆಕ್ಕೆಯಿಲ್ಲ, ದನದ ಮೈಗಂಟಲು ಕೊಕ್ಕೆಯಿಲ್ಲ. ಹೆಚ್ಚಿನವು ತಾಯಿಗಿಡದ ಬುಡದಲ್ಲೇ ಬಿದ್ದು ಮುಂದಿನ ಮಳೆಗೆ ಕಾಯುತ್ತವೆ. ವರ್ಷವೂ ಅದೇ ಬದುವಿನಲ್ಲಿ ತುಂಬೆ ಏಳುವುದು ಇದರಿಂದಲೇ.

ಹಾಗಾಗಿ ಗಿಡ ಕೀಳಬೇಡಿ, ಒಣಗಿದ ಗುಚ್ಛ ತನ್ನಿ. ಬಿಸಿಲಿನಲ್ಲಿಟ್ಟ ಕುಂಡದ ಮಣ್ಣು ಕೆದಕಿ, ಗುಚ್ಛವನ್ನು ಅಂಗೈಯಲ್ಲಿ ಉಜ್ಜಿ ಉದುರಿಸಿ. ಒಂದಿಷ್ಟು ಬೀಜ ಎತ್ತಿಟ್ಟುಕೊಂಡು ಹಿಂಗಾರಿನ ಕೊನೆಗೆ ಮತ್ತೊಮ್ಮೆ ಚೆಲ್ಲಿ ನೀರು ಕೊಟ್ಟರೆ ಶಿವರಾತ್ರಿಗೆ ಹೂ ಸಿಕ್ಕರೂ ಸಿಕ್ಕೀತು. ಬದುವಿಗೆ ಕಳೆನಾಶಕ ಹೊಡೆಯುವ ರೂಢಿಯಿದ್ದರೆ ಮಾತ್ರ ಕೈಬಿಡಿ: ಹೂವಿರುವಾಗ ಹೊಡೆದರೆ ಆ ವರ್ಷದ ಬೀಜವೂ ಹೋಯಿತು, ಜೇನ್ನೊಣದ ಮೇವೂ ಹೋಯಿತು.