ರಾಶಿಯ ದಿನಗಳಲ್ಲಿ ಕೈಬೆರಳುಗಳ ರಕ್ಷಣೆ

ಗಾಯಗೊಂಡು ದವಾಖಾನೆಯ ತುರ್ತು ವಿಭಾಗಕ್ಕೆ ಬರುವವರಲ್ಲಿ ನೂರಕ್ಕೆ 10ರಿಂದ 30 ಜನರ ಪೆಟ್ಟು ಕೈಗೇ ಆಗಿರುತ್ತದೆಂದು ಬೇರೆ ಬೇರೆ ದೇಶಗಳ ವೈದ್ಯರ ಲೆಕ್ಕಗಳಿಂದ ತಿಳಿದುಬರುತ್ತದೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಯಾವ ಕೆಲಸವಾದರೂ ಮೊದಲು ಮುಂದಾಗುವುದು ಕೈ. ಕುಡಗೋಲು ಹಿಡಿಯುವುದೂ ಅದೇ, ಯಂತ್ರದಲ್ಲಿ ಸಿಕ್ಕ ಕಣಿಕೆಯನ್ನು ಎಳೆಯಲು ಹೋಗುವುದೂ ಅದೇ. ಒಂದು ಕೈಯಲ್ಲಿ 27 ಎಲುಬುಗಳಿವೆ. ನರಗಳೂ ರಕ್ತನಾಳಗಳೂ ಬೆರಳನ್ನು ಮಡಿಚಿ ಬಿಡಿಸುವ ಹುರಿಗಳೂ ತೊಗಲಿಗೆ ಅತಿ ಸಮೀಪದಲ್ಲಿ ಹಾಯ್ದಿವೆ. ಆದುದರಿಂದ ಮೇಲೆ ಅರ್ಧ ಅಂಗುಲದ ಗಾಯ ಕಂಡರೂ ಒಳಗೆ ಹುರಿ ಕಡಿದಿರಬಹುದು.

ಜತ್ತ, ಅಕ್ಕಲಕೋಟ, ಸೊಲ್ಲಾಪುರ ಭಾಗದ ನಮ್ಮ ಒಕ್ಕಲಿಗರಿಗೆ ಹಿಂಗಾರಿ ಜೋಳದ ರಾಶಿಯೆಂದರೆ ಅವಸರದ ಕಾಲ. ಹಂತಿ ಕಟ್ಟಿ ಒಕ್ಕುತ್ತಿದ್ದಾಗ ‘ಹೋ’ ಎಂದರೆ ಎತ್ತು ನಿಲ್ಲುತ್ತಿತ್ತು, ಯಂತ್ರಕ್ಕೆ ಕಿವಿಯಿಲ್ಲ. ರಾಶಿ ಯಂತ್ರದಲ್ಲಿ ಕೈ ಹೋಗುವುದು ಬಹುತೇಕ ಒಂದೇ ಜಾಗದಲ್ಲಿ, ಅಂದರೆ ತೆನೆ ಕೊಡುವ ಬಾಯಲ್ಲಿ. ಆ ಬಾಯಿಗೆ ಜೋಡಿಸಿದ ತಗಡಿನ ದೋಣಿಯು 90 ಸೆಂಟಿಮೀಟರಿಗಿಂತ ಗಿಡ್ಡವಿರಕೂಡದು. ಅದರಲ್ಲಿ ಉರುಳೆಯ ಕಡೆಯ 45 ಸೆಂಟಿಮೀಟರಾದರೂ ಮೇಲೆ ಮುಚ್ಚಿರಬೇಕು. ಇದು ಭಾರತೀಯ ಮಾನಕದ ಅಳತೆ. ನಿಂತು ತೆನೆ ಕೊಡುವವನ ಬೆರಳು ಹಲ್ಲಿನವರೆಗೆ ಮುಟ್ಟಬಾರದೆಂಬುದೇ ಇದರ ಉದ್ದೇಶ. ಇಂಥ ಯಂತ್ರಗಳಿಗಾಗಿ 1983ರಲ್ಲಿ ಕೇಂದ್ರ ಸರಕಾರವು ಅಪಾಯಕಾರಿ ಯಂತ್ರಗಳ ಕಾಯಿದೆಯನ್ನೇ ಮಾಡಿತು. ಆದರೆ ಕಾಯಿದೆ ಕಣದವರೆಗೆ ನಡೆದು ಬರುವುದಿಲ್ಲ. ಬಾಡಿಗೆಯ ಯಂತ್ರ ಬಂದಾಗ ಒಂದು ಹುರಿ ಹಿಡಿದು ದೋಣಿಯನ್ನು ಅಳೆಯಿರಿ. ಮುಚ್ಚಳ ಕಿತ್ತಿದ್ದರೆ ಅದನ್ನು ಕೂಡಿಸಿದ ಮೇಲೆಯೇ ರಾಶಿ ಹೂಡಿರಿ. ಯಂತ್ರದವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ತೆನೆ ಸಿಕ್ಕಿಬಿದ್ದರೆ ಯಂತ್ರ ಪೂರ್ತಿ ನಿಂತ ಹೊರತು ಕೈ ಹಾಕಬಾರದು. ಮೇವು ಕತ್ತರಿಸುವ ಯಂತ್ರದಲ್ಲಿ ಇನ್ನೊಂದು ಮೋಸವಿದೆ: ವಿದ್ಯುತ್ತು ತೆಗೆದ ಮೇಲೂ ಅಲಗು ಕಟ್ಟಿದ ಗಾಲಿ ಕೆಲ ಹೊತ್ತು ತಿರುಗುತ್ತಲೇ ಇರುತ್ತದೆ. ಕೆಲಸ ಮುಗಿದೊಡನೆ ಗಾಲಿಗೆ ಕೀಲು ಹಾಕಿ ಕಟ್ಟದಿದ್ದರೆ ಮಕ್ಕಳು ಆಟಕ್ಕೆಂದು ತಿರುಗಿಸುವರು. ಬಳೆ, ಉಂಗುರ, ಜೋಲುವ ಸೆರಗು, ಕೊರಳಿನ ಟುವಾಲು ಇವು ಯಂತ್ರದ ಹತ್ತಿರ ಬೇಡ. ರಾತ್ರಿಯೆಲ್ಲ ನಿದ್ದೆಗೆಟ್ಟವನನ್ನು ತೆನೆ ಕೊಡಲು ನಿಲ್ಲಿಸಬೇಡಿರಿ.

ಇಷ್ಟಾಗಿಯೂ ಗಾಯವಾದರೆ ಸ್ವಚ್ಛ ಬಟ್ಟೆಯನ್ನಿಟ್ಟು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿರಿ. ಬಾವು ಏರುವ ಮೊದಲೇ ಉಂಗುರ ತೆಗೆಯಿರಿ. ಬೆರಳಿನ ಬುಡಕ್ಕೆ ದಾರ ಬಿಗಿಯಬಾರದು. ಅರಿಶಿನ, ಸುಣ್ಣ, ಚಹಾಪುಡಿ, ಸೀಮೆಎಣ್ಣೆ ಯಾವುದನ್ನೂ ತುಂಬಬಾರದು. ದವಾಖಾನೆಯಲ್ಲಿ ಇದನ್ನೆಲ್ಲ ತೊಳೆದು ತೆಗೆಯುವುದೇ ಒಂದು ಕೆಲಸವಾಗುತ್ತದೆ. ರಕ್ತ ನಿಂತ ಮೇಲೆ ಪ್ರತಿಯೊಂದು ಬೆರಳನ್ನೂ ಮಡಿಚಿ ಬಿಡಿಸಲು ಹೇಳಿರಿ, ತುದಿ ಮುಟ್ಟಿ ನೋಡಿರಿ. ಒಂದು ಬೆರಳು ಮಡಿಯದಿದ್ದರೂ ತುದಿ ಜೋಮು ಹಿಡಿದಂತಿದ್ದರೂ ಗಾಯ ಚಿಕ್ಕದೆಂದು ಮನೆಯಲ್ಲಿ ಕೂಡ್ರಬೇಡಿರಿ.

ಬೆರಳು ತುಂಡಾಗಿ ಬಿದ್ದರೆ ‘ಹೋಯಿತು’ ಎಂದು ಅದನ್ನು ಕಣದಲ್ಲೇ ಬಿಟ್ಟು ಹೋಗುವ ರೂಢಿಯುಂಟು. ಹಾಗೆ ಮಾಡಬೇಡಿರಿ. 1965ರಲ್ಲಿ ಜಪಾನಿನ ನಾರಾ ಎಂಬಲ್ಲಿ ಕೊಮಾತ್ಸು, ತಮಾಯ್ ಎಂಬ ವೈದ್ಯರು ಪೂರ್ತಿ ಕಡಿದುಹೋದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಹೊಲಿದು ಮರಳಿ ಕೂಡಿಸಿದರು. ಇಂದು ನಮ್ಮ ದೇಶದ ದೊಡ್ಡ ಊರುಗಳಲ್ಲಿಯೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ತುಂಡಿನ ಮಣ್ಣನ್ನು ಶುದ್ಧ ನೀರಿನಿಂದ ತೊಳೆದು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿರಿ. ಆ ಚೀಲವನ್ನು ಬರ್ಫ ಬೆರೆಸಿದ ನೀರಿನ ಡಬ್ಬಿಯಲ್ಲಿಡಿರಿ. ಬರ್ಫ ತುಂಡಿಗೆ ನೇರವಾಗಿ ತಾಗಿದರೆ ಮಾಂಸ ಸತ್ತುಹೋಗುವದು. ತಂಪಿನಲ್ಲಿಟ್ಟ ಬೆರಳು ಸುಮಾರು 24 ತಾಸು, ತಂಪಿಲ್ಲದೆ ಸುಮಾರು 12 ತಾಸು ಕೂಡಿಸಲು ಬರಬಹುದು. ಮುಂಗೈಯಂಥ ಮಾಂಸವುಳ್ಳ ಭಾಗಕ್ಕಾದರೋ ತಂಪಿಲ್ಲದೆ 6 ತಾಸಿಗಿಂತ ಹೆಚ್ಚು ಅವಕಾಶವಿಲ್ಲ. ಜಜ್ಜಿಹೋದ ಬೆರಳು ಕೂಡುವುದು ಕಷ್ಟ, ಆದರೂ ನಿರ್ಣಯ ವೈದ್ಯರದಿರಲಿ.

ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿ, ಬೆರಳು ಕೂಡಿಸುವ ವೈದ್ಯರಿರುವ ದವಾಖಾನೆಗೇ ಹೋದರೆ ತಾಸುಗಳು ಉಳಿಯುವವು. ವಾಹನಕ್ಕೆ 108 ಇದೆ. ಧನುರ್ವಾತದ ಚುಚ್ಚುಮದ್ದು ಹಿಂದೆ ಯಾವಾಗ ಆಗಿತ್ತೆಂದು ವೈದ್ಯರು ಕೇಳುವರು. ಸಗಣಿ ಮಣ್ಣು ತಾಗಿದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳಬೇಕಾಗುತ್ತದೆ.