ಡಬ್ಬಿಯಲ್ಲಿ ಬಾರದ ವಿಮಾನ

ಪ್ಲಾಸ್ಟಿಕ್ ವಿಮಾನಗಳ ಕಿಟ್ ಜೋಡಿಸುವ ಹುಚ್ಚು ಹತ್ತಿದವರಿಗೆ ಕುರ್ಟ್ ಟ್ಯಾಂಕ್ ಹೆಸರು ಪರಿಚಿತ. ಎರಡನೆಯ ಮಹಾಯುದ್ಧದ ಜರ್ಮನ್ ಫೈಟರ್ ಫಾಕೆ–ವುಲ್ಫ್ 190 ಆತನ ವಿನ್ಯಾಸ. ಟಾಮಿಯಾ, ಹಸೆಗಾವಾ, ರೆವೆಲ್, ಏರ್‌ಫಿಕ್ಸ್, ಎಡುವಾರ್ಡ್ ಎಲ್ಲರೂ ಅದರ ಕಿಟ್ ತಂದಿದ್ದಾರೆ. ಅದೇ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಸೇರಿ ಎಚ್‌ಎಫ್–24 ಮಾರುತ್ ರೂಪಿಸಿದ. 1961ರ ಜೂನ್ 17ರಂದು ಅದು ನಮ್ಮೂರಿನ ಆಕಾಶದಲ್ಲಿ ಮೊದಲ ಸಲ ಹಾರಿತು. ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಫೈಟರ್ ಅದು. ಮೇಲೆ ಹೇಳಿದ ಐದು ಕಂಪನಿಗಳಲ್ಲಿ ಒಂದಾದರೂ ಅದರ ಕಿಟ್ ಮಾಡಿಲ್ಲ. ಆದ್ದರಿಂದ ವೈಯಾಲಿಕಾವಲ್‌ನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನೇ ಕಟ್ಟುತ್ತಿದ್ದೇನೆ. ಡಬ್ಬಿಯಲ್ಲಿ ಬಂದ ವಿಮಾನಗಳ ಮೇಲೆ ಕೈ ಪಳಗಿಸಿಕೊಂಡದ್ದು ಈ ಒಂದಕ್ಕಾಗಿಯೇ ಎಂದು ಈಗ ಅನಿಸುತ್ತದೆ.

ಕಿಟ್‌ಗಳು ಕಲಿಸಿದ್ದನ್ನು ಮೊದಲು ಹೇಳುತ್ತೇನೆ. ಇವುಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆಂದೇ ಇರುವ ಅಂಟು ನಿಜದಲ್ಲಿ ಅಂಟಲ್ಲ, ದ್ರಾವಕ. ಎರಡೂ ಅಂಚುಗಳನ್ನು ಕರಗಿಸಿ ಬೆಸೆದು ಆರಿಹೋಗುತ್ತದೆ. ಬೆಸುಗೆ ಗಟ್ಟಿಯಾಗಲು ಒಂದು ರಾತ್ರಿಯಾದರೂ ಬಿಡಬೇಕು. ಆಮೇಲೆ ಪುಟ್ಟಿ ತುಂಬಿ, ವಾಟರ್ ಪೇಪರನ್ನು ಒದ್ದೆ ಮಾಡಿಕೊಂಡು ಮೊದಲು 400, ಬಳಿಕ 800, ಕೊನೆಗೆ 1200ರಲ್ಲಿ ತಿಕ್ಕಿದರೆ ಜೋಡಣೆಯ ಗೆರೆ ಮಾಯವಾಗುತ್ತದೆ. ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳಕ್ಕೆ ಮಾತ್ರ ಫೆವಿಕಾಲ್ ಬಳಸಿ. ಅದು ಆರಿದಾಗ ಪಾರದರ್ಶಕವಾಗುತ್ತದೆ. ಫೆವಿಕ್ವಿಕ್‌ನಂಥ ಅಂಟಿನ ಆವಿಗೆ ಮುಚ್ಚಳ ಬೆಳ್ಳಗೆ ಮಂಜಾಗಿಬಿಡುತ್ತದೆ. ಮೂತಿಯ ಕೆಳಗೆ ಚಕ್ರವಿರುವ ಜೆಟ್‌ಗಳಲ್ಲಿ ಹೊಟ್ಟೆ ಮುಚ್ಚುವ ಮೊದಲೇ ಮೂತಿಯೊಳಗೆ ಸೈಕಲ್ ಬೇರಿಂಗ್ ಗುಂಡುಗಳನ್ನು ಅಂಟಿಸಬೇಕು. ಇಲ್ಲವಾದರೆ ವಿಮಾನ ಬಾಲದ ಮೇಲೆ ಕೂರುತ್ತದೆ.

ಬಣ್ಣದ ಮಾತಿಗೆ ಹೆಚ್ಚು ಜಾಗ ಬೇಕು. ನಾನು ಕಟ್ಟುವುದು 1/72ರ ಅಳತೆಯಲ್ಲಿ. ಆರಡಿ ಮನುಷ್ಯ ಇಲ್ಲಿ ಒಂದು ಅಂಗುಲ. ಮಾದರಿಯ ಮೇಲೆ ಬಣ್ಣದ ಪದರ 0.1 ಮಿಲಿಮೀಟರ್ ದಪ್ಪವಾದರೆ, ನಿಜವಾದ ವಿಮಾನದ ಮೇಲೆ ಏಳು ಮಿಲಿಮೀಟರಿಗಿಂತ ಹೆಚ್ಚು ದಪ್ಪ ಬಳಿದ ಹಾಗೆ. ಈ ಲೆಕ್ಕ ಒಮ್ಮೆ ತಲೆಗೆ ಹೊಕ್ಕರೆ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಕೈ ಮೇಲೆ ಕೈ ಕೊಡುತ್ತಾ ಹೋಗುವ ತಾಳ್ಮೆ ತಾನಾಗಿಯೇ ಬರುತ್ತದೆ. ಏರ್‌ಬ್ರಷ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೆತ್ತನೆಯ ಚಪ್ಪಟೆ ಬ್ರಷ್ ಸಾಕು. ಒಂದು ಕೈ ಪೂರ್ತಿ ಆರುವ ತನಕ ಇನ್ನೊಂದನ್ನು ಮುಟ್ಟಬಾರದು, ಅಷ್ಟೆ. ಬೆಂಗಳೂರಿನ ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಬೇಡಿ. ಗಾಳಿಯ ತೇವಕ್ಕೆ ಅದರ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಜುಲೈ–ಆಗಸ್ಟ್ ಏನಿದ್ದರೂ ಕತ್ತರಿಸಿ ತಿಕ್ಕುವ ಕೆಲಸಕ್ಕೆ. ಬಣ್ಣದ ಕಾಲ ಜನವರಿಯಿಂದ ಏಪ್ರಿಲ್. ಆಗ ಇನ್ನೊಂದು ಕಾಟ ಧೂಳಿನದು. ನಮ್ಮ ಬಡಾವಣೆಯಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವುದು ನಿಂತೇ ಇಲ್ಲ. ಕಿಟಕಿ ತೆರೆದಿರಬೇಕು, ಏಕೆಂದರೆ ತಿನ್ನರ್ ಆವಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ಬಣ್ಣ ಬಳಿದ ಕೂಡಲೇ ಮಾದರಿಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಕವುಚಿಡುತ್ತೇನೆ.

ಇನ್ನು ಮಾರುತ್. ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ನನ್ನ ಮೇಜಿನ ಮೇಲೆ ಅದು 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಅಗಲ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಲ್ಲಿ ಒಡಲನ್ನು ಎರಡು ಭಾಗವಾಗಿ ಕೆತ್ತಿ, ಪ್ಲಾಸ್ಟಿಕ್ ಹಾಳೆಯನ್ನು ಹೀಟ್ ಗನ್‌ನಿಂದ ಮೆದುಗೊಳಿಸಿ ಆ ಮರದ ಮೇಲೆ ಒತ್ತಿ ಇಳಿಸುತ್ತೇನೆ. ಆ ಮರಕ್ಕೆ ಎಳೆ ಕಡಿಮೆ, ಚಾಕು ಸಲೀಸಾಗಿ ಓಡುತ್ತದೆ. ನಿಜವಾದ ಮಾರುತ್ ಕೂಡ ಮೊದಲು ಮರದಲ್ಲೇ ಹುಟ್ಟಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಎಂಜಿನ್ ಇಲ್ಲದ, ಪೂರ್ಣ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ ಮೇಲಕ್ಕೊಯ್ದು, ಅದರ ಹಾರಾಟದ ಗುಣಗಳನ್ನು ಪರೀಕ್ಷಿಸಿದ್ದರು.

ರೂಪವನ್ನು ಮಾತ್ರ ಚಿತ್ರ ನೋಡಿ ಕೆತ್ತಲಾಗದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತ್ ಇದೆ, ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು. ಎಚ್‌ಎಎಲ್ ಕಡೆಗೆ ನಾನು ಹೋಗುವುದು ಹಳೆ ಮದ್ರಾಸ್ ರಸ್ತೆಯಿಂದ ಸುರಂಜನ್ ದಾಸ್ ರಸ್ತೆ ಹಿಡಿದು. ಮಾರುತನ್ನು ಮೊದಲ ಸಲ ಹಾರಿಸಿದ ಪೈಲಟ್ ಅವರು. 1970ರ ಜನವರಿಯಲ್ಲಿ ಅದೇ ವಿಮಾನದ ಹೊಸ ರೂಪವನ್ನು ಪರೀಕ್ಷಿಸುವಾಗ ತೀರಿಕೊಂಡರು. ದಿನವೂ ಆ ರಸ್ತೆಯ ಸಿಗ್ನಲ್‌ನಲ್ಲಿ ನಿಲ್ಲುವವರಿಗೆಲ್ಲ ಇದು ಗೊತ್ತಿರಬೇಕು ಎಂಬುದು ನನ್ನ ಆಸೆ.

ವಿಮಾನದ ಪಕ್ಕದಲ್ಲಿ ನಿಂತಾಗಲೇ ಅದರ ಸೊಂಟ ಕಣ್ಣಿಗೆ ಬೀಳುವುದು. ರೆಕ್ಕೆ ಸೇರುವೆಡೆ ಒಡಲು ಒಳಕ್ಕೆ ಸರಿದಿದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ತಗ್ಗಿಸಲು ಮಾಡಿದ ಉಪಾಯ ಅದು. ಎರಡು ಎಂಜಿನ್‌ಗಳು ಅಕ್ಕಪಕ್ಕ. ಗಾಳಿ ಒಳಹೋಗುವ ಬಾಯಿಗಳಲ್ಲಿ ಅರ್ಧ ಶಂಕುಗಳು. ವಿನ್ಯಾಸಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ದೊರೆಯದೆ ಆರ್ಫಿಯಸ್ 703ರಲ್ಲೇ ಅದು ತೃಪ್ತಿಪಡಬೇಕಾಯಿತು. ಅಷ್ಟಾದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಮಾಡಿದ ಕೆಲಸ ಸಣ್ಣದಲ್ಲ. ಇದನ್ನು ಸೋತ ವಿಮಾನ ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ.

ವಸ್ತುಸಂಗ್ರಹಾಲಯದ ವಿಮಾನದಿಂದ ಆಕಾರ ತೆಗೆದುಕೊಳ್ಳಿ, ಬಣ್ಣ ತೆಗೆದುಕೊಳ್ಳಬೇಡಿ. ಬಿಸಿಲಿಗೆ ನಿಂತ ವಿಮಾನಕ್ಕೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ, ಅದು ಸ್ಕ್ವಾಡ್ರನ್‌ನಲ್ಲಿದ್ದ ಬಣ್ಣವೇ ಆಗಿರಬೇಕೆಂದಿಲ್ಲ. ಗುರುತಿನ ವೃತ್ತ ಸುಲಭ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಚಕ್ರಗಳು ಮಡಚಿಕೊಳ್ಳುವ ಗೂಡಿನೊಳಗೆ ಯಾವ ಬಣ್ಣವಿತ್ತು, ಕಾಕ್‌ಪಿಟ್‌ನ ಬೂದು ಎಷ್ಟು ಕಪ್ಪು, ಎಂಜಿನ್ ಕೊಳವೆಯ ಸುತ್ತ ಲೋಹ ಎಷ್ಟು ಸುಟ್ಟಿರುತ್ತಿತ್ತು ಎಂಬುದಕ್ಕೆ ಆ ಕಾಲದ ಫೋಟೊ ಬೇಕು, ಅಥವಾ ಅದನ್ನು ಕೈಯಾರೆ ಮುಟ್ಟಿದವರ ನೆನಪು ಬೇಕು.

ಅಂಥವರು ನಮ್ಮ ನಡುವೆಯೇ ಇದ್ದಾರೆ. ಮಲ್ಲೇಶ್ವರ, ವೈಯಾಲಿಕಾವಲ್, ಬಸವನಗುಡಿ, ಚಾಮರಾಜಪೇಟೆಯ ಎಷ್ಟೋ ಮನೆಗಳಿಂದ ಎಚ್‌ಎಎಲ್‌ಗೆ ಜನ ಹೋಗಿ ದುಡಿದಿದ್ದಾರೆ. ನಿಮ್ಮ ತಂದೆಯೋ ಅಜ್ಜನೋ ಮಾರುತ್ ಜೋಡಣೆಯ ಸಾಲಿನಲ್ಲಿ ಅಥವಾ ಪೇಂಟ್ ಶಾಪಿನಲ್ಲಿ ಇದ್ದವರಾದರೆ, ದಯವಿಟ್ಟು ಈ ಭಾನುವಾರವೇ ಅವರ ಪಕ್ಕ ಕೂತು ಕೇಳಿ, ಹೇಳಿದ್ದನ್ನು ಬರೆದಿಡಿ. ಹಳೆಯ ಆಲ್ಬಮ್‌ನಲ್ಲಿ ವಿಮಾನದ ಮುಂದೆ ನಿಂತ ಫೋಟೊ ಇದ್ದರೆ ಸ್ಕ್ಯಾನ್ ಮಾಡಿಸಿ, ಹಿಂಬದಿಯಲ್ಲಿ ಬರೆದಿರುವ ತಾರೀಖನ್ನೂ ಸೇರಿಸಿ ಜೋಪಾನ ಮಾಡಿ.